ಕಟ್ಟ ಜೂನಿಗೆ ಒಡೆಯುತ್ತಿತ್ತು: ಪುಟ್ಟ ಅಣೆಕಟ್ಟುಗಳು ಮತ್ತು ಹೊಳೆಯ ಜೀವಗಳು

ಜೂನ್ ತಿಂಗಳಲ್ಲಿ ಮೊದಲ ಜೋರು ಮಳೆ ಹಿಡಿದ ರಾತ್ರಿ ಟಾರ್ಚು, ಕತ್ತಿ, ಬುಟ್ಟಿ ಹಿಡಿದುಕೊಂಡು ಗದ್ದೆಯ ಕಡೆ ಓಡುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತುವ ಹೊತ್ತು ಅದು. ಘಟ್ಟದ ಮೇಲಿನವರು ಹತ್ತುಮೀನು ಎನ್ನುತ್ತಾರೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಉಬರ್ ಮೀನು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಕೆಂಪು ನೀರಿನ ಎದುರು ಈಜುತ್ತಾ ಮೇಲೆ ಬರುತ್ತವೆ. ಚಿಕ್ಕಂದಿನಲ್ಲಿ ನಾನೂ ಅಜ್ಜನ ಹಿಂದೆ ಓಡಿದವನೇ. ಮೊಟ್ಟೆಯಿರುವ ಮೀನನ್ನು ಹಾಗೆ ಕಡಿಯಬಾರದು ಎಂದು ಗೊತ್ತಾಗಿದ್ದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ, ಅಂಥದೇ ಒಂದು ಮಳೆಯ ಮರುದಿನ ಬೆಳಿಗ್ಗೆ, ಗದ್ದೆಗೆ ಹೋಗುವ ಬದಲು ಇನ್ನೂ ಕೆಳಗಿರುವ ಕಿಂಡಿ ಅಣೆಕಟ್ಟಿನ ಹತ್ತಿರ ಹೋದೆ. ಬೇಸಿಗೆಯಲ್ಲಿ ನೀರು ನಿಲ್ಲಿಸಲು ಕಿಂಡಿಗಳಿಗೆ ಹಾಕುವ ಹಲಗೆಗಳನ್ನು ತೆಗೆದಾಗಿತ್ತು. ಕಿಂಡಿಗಳಲ್ಲಿ ನೀರು ಧಾರಾಳವಾಗಿ ಹೋಗುತ್ತಿತ್ತು. ಆದರೆ ಅಣೆಕಟ್ಟಿನ ಕೆಳಗೆ ಹಾಸಿದ ಕಾಂಕ್ರೀಟಿನ ಅಂಚನ್ನು ಹಿಂದಿನ ವರ್ಷಗಳ ನೆರೆ ಕೊರೆದುಹಾಕಿತ್ತು. ಅಲ್ಲೊಂದು ಮೆಟ್ಟಿಲು ಎದ್ದು ನಿಂತಿತ್ತು, ನನ್ನ ಮೊಣಕಾಲೆತ್ತರ. ಅದರ ಬುಡದಲ್ಲಿ ಬೆರಳುದ್ದದ ಮೀನುಗಳು ಒತ್ತೊತ್ತಾಗಿ ಸೇರಿದ್ದವು. ಹಾರುತ್ತಿದ್ದವು, ಕಾಂಕ್ರೀಟಿಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಪಕ್ಕದಲ್ಲಿ ಕೊಕ್ಕರೆಗಳು ಸಾಲಾಗಿ ಕಾದು ನಿಂತಿದ್ದವು.

ಅಣೆಕಟ್ಟು ಅಂದ ತಕ್ಷಣ ನಮಗೆ ಲಿಂಗನಮಕ್ಕಿ, ಆಲಮಟ್ಟಿ, ಕೆಆರ್‌ಎಸ್ ನೆನಪಾಗುತ್ತವೆ. ಮುಳುಗಿದ ಊರು, ಮುಳುಗಿದ ಕಾಡು ಕಣ್ಣಿಗೆ ಕಾಣುತ್ತದೆ. ಎರಡು ಮೂರು ಮೀಟರಿನ ಗೋಡೆ ಯಾವ ಊರನ್ನೂ ಮುಳುಗಿಸುವುದಿಲ್ಲ. ಹಾಗಾಗಿ ಚಿಕ್ಕ ಅಣೆಕಟ್ಟಿನಿಂದ ಯಾರಿಗೂ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹೊಳೆಯಲ್ಲಿ ಬದುಕುವ ಜೀವಗಳ ಮಟ್ಟಿಗೆ ಆ ನಂಬಿಕೆ ತಪ್ಪು. ನಾನು ನೋಡಿದ ಮೀನುಗಳಿಗೆ ಮೊಣಕಾಲೆತ್ತರವೇ ಸಾಕಾಗಿತ್ತು. ಗೋಡೆ ಎಷ್ಟು ಎತ್ತರ ಎಂದು ಕೇಳುವ ಮೊದಲು ಇನ್ನೆರಡು ಪ್ರಶ್ನೆ ಕೇಳಬೇಕು. ವರ್ಷದ ಯಾವ ತಿಂಗಳಲ್ಲಿ ಅದು ತೆರೆದಿರುತ್ತದೆ? ಮುಚ್ಚಿರುವಾಗ ಅದರ ಕೆಳಗೆ ಹೊಳೆಯಲ್ಲಿ ನೀರು ಉಳಿಯುತ್ತದೆಯಾ?

ಯುರೋಪಿನಲ್ಲಿ ಕೆಲವು ವರ್ಷಗಳ ಹಿಂದೆ ಹೊಳೆಗಳಿಗೆ ಅಡ್ಡ ನಿಂತ ಗೋಡೆಗಳನ್ನೆಲ್ಲ ಲೆಕ್ಕ ಹಾಕಿದರು. ವಿಜ್ಞಾನಿಗಳು ದಡದಲ್ಲಿ ನಡೆದು ನೋಡಿದ್ದನ್ನೂ ಸೇರಿಸಿ 2020ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 36 ದೇಶಗಳಲ್ಲಿ ಕಡಿಮೆ ಎಂದರೂ 12 ಲಕ್ಷ ಅಡ್ಡಗಟ್ಟೆಗಳಿವೆ. ಅವುಗಳಲ್ಲಿ ಶೇ 68ರಷ್ಟು ಎರಡು ಮೀಟರಿಗಿಂತ ಕಡಿಮೆ ಎತ್ತರದವು. ಹೊಳೆಗಳನ್ನು ತುಂಡು ತುಂಡು ಮಾಡಿದ್ದರಲ್ಲಿ ದೊಡ್ಡ ಪಾಲು ಯಾರೂ ಗಮನಿಸದ ಈ ಗಿಡ್ಡ ಗೋಡೆಗಳದ್ದು.

ನಮ್ಮ ನೇತ್ರಾವತಿಯನ್ನೇ ನೋಡಿ. ತುಂಬೆಯಿಂದ ಹೊರಟು ದಡದಲ್ಲೇ ಮೇಲೆ ಹೋಗಬೇಕು. ತುಂಬೆಯದು ಮಂಗಳೂರಿಗೆ ಕುಡಿಯುವ ನೀರು ಕೊಡುವ ಕಿಂಡಿ ಅಣೆಕಟ್ಟು. ಆಮೇಲೆ ಬಂಟ್ವಾಳದ ಹತ್ತಿರ ಜಕ್ರಿಬೆಟ್ಟು. ಆಮೇಲೆ ಶಂಭೂರಿನಲ್ಲಿ ಕರೆಂಟ್ ತಯಾರಿಸುವ ಅಣೆಕಟ್ಟು. ಉಪ್ಪಿನಂಗಡಿಯ ಕೆಳಗೆ ಬಿಳಿಯೂರು. ಕುಮಾರಧಾರಾ ಬಂದು ಸೇರುವ ಸಂಗಮ ದಾಟಿ ಮೇಲೆ ಹೋದರೆ ನೀರಕಟ್ಟೆಯಲ್ಲಿ ಇನ್ನೊಂದು ಕರೆಂಟಿನ ಘಟಕ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಸಮುದ್ರದ ಕಡೆಯಿಂದ ಘಟ್ಟದ ಬುಡಕ್ಕೆ ಹೋಗಬೇಕಾದ ಜೀವ ಇವನ್ನೆಲ್ಲ ಒಂದಾದ ಮೇಲೆ ಒಂದು ದಾಟಬೇಕು. ಒಂದು ಕಡೆ ಸೋತರೂ ಅಲ್ಲಿಗೆ ಮುಗಿಯಿತು. ಇದು ದೊಡ್ಡ ಹೊಳೆಯ ಮಾತು. ಅದಕ್ಕೆ ಬಂದು ಸೇರುವ ತೋಡು, ಹಳ್ಳಗಳ ಮೇಲೆ ಚೆಕ್ ಡ್ಯಾಂ, ಕಿಂಡಿ ಅಣೆಕಟ್ಟುಗಳು ಬೇರೆ. ಪಶ್ಚಿಮ ವಾಹಿನಿ ಎಂಬ ಸರ್ಕಾರಿ ಯೋಜನೆಯಡಿ ಕರಾವಳಿ ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಕಿಂಡಿ ಅಣೆಕಟ್ಟು ಕಟ್ಟುವ ಮಾತು ನಡೆದಿತ್ತು.

ಹರಿವ ನೀರು ನಿಂತಾಗ

ಘಟ್ಟದ ಬುಡದ ಒಂದು ತೋಡಿಗೆ ಡಿಸೆಂಬರಿನಲ್ಲಿ ಇಳಿದು ನೋಡಿ. ಒಂದು ಕಡೆ ನೀರು ಕಲ್ಲುಗಳ ಮೇಲೆ ಗಲಗಲ ಹಾರುತ್ತಾ ಇಳಿಯುತ್ತದೆ. ಸ್ವಲ್ಪ ಮುಂದೆ ಆಳವಾದ ಮಡುವಿನಲ್ಲಿ ಸುಮ್ಮನೆ ನಿಂತಂತೆ ಕಾಣುತ್ತದೆ. ತುಳುವಿನಲ್ಲಿ ಇದಕ್ಕೆ ಕಯ ಎನ್ನುತ್ತಾರೆ. ಮತ್ತೆ ಕಲ್ಲು, ಮತ್ತೆ ಮಡು. ಹೊಳೆಯ ಬದುಕು ಈ ಎರಡರ ಸರದಿಯ ಮೇಲೆ ನಿಂತಿದೆ. ಕಲ್ಲಿನ ಜಾಗ ಅಡುಗೆಮನೆ ಇದ್ದಂತೆ, ಮಡು ಮಲಗುವ ಕೋಣೆ.

ಕಲ್ಲಿನ ಜಾಗದಲ್ಲಿ ಒಂದು ಕಲ್ಲೆತ್ತಿ ತಿರುವಿ ಹಾಕಿದರೆ ಅಡಿಯಲ್ಲಿ ಪುಟ್ಟ ಪುಟ್ಟ ಹುಳಗಳು ಅಂಟಿಕೊಂಡಿರುತ್ತವೆ. ಮೂರು ಎಳೆ ಬಾಲದ ಮೇಫ್ಲೈ ಮರಿಗಳು. ಮರಳು, ಎಲೆಚೂರು ಅಂಟಿಸಿ ತನ್ನ ಮೈಗೆ ತಾನೇ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳ. ಏರೋಪ್ಲೇನ್ ಚಿಟ್ಟೆಯ ಮರಿಗಳು. ಇವು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಕಲ್ಲಿನ ಮೇಲೆ ಹಾರಿ ನೊರೆಯಾಗುವ ನೀರಿನಲ್ಲಿ ಅದು ಧಾರಾಳ. ಮರದಿಂದ ಉದುರಿದ ಎಲೆಯನ್ನು ಕೆಲವು ಹುಳ ತಿನ್ನುತ್ತವೆ, ಕಲ್ಲಿನ ಮೇಲಿನ ತೆಳು ಪಾಚಿಯನ್ನು ಇನ್ನು ಕೆಲವು ಕೆರೆಯುತ್ತವೆ. ಹುಳವನ್ನು ಮೀನು ತಿನ್ನುತ್ತದೆ. ಮೀನನ್ನು ನೀರುನಾಯಿ, ಮಿಂಚುಳ್ಳಿ ತಿನ್ನುತ್ತವೆ.

ಇಲ್ಲಿ ಒಂದು ಗೋಡೆ ಬಂದರೆ ಮೊದಲು ಹೋಗುವುದು ಈ ಕಲ್ಲಿನ ಜಾಗ. ನೀರಿನ ಓಟ ನಿಲ್ಲುತ್ತದೆ. ಓಡುವ ನೀರು ಹೊತ್ತು ತಂದ ಮಣ್ಣು ಕೆಳಗೆ ಕೂರುತ್ತದೆ. ಕಲ್ಲುಗಳ ಸಂದಿಗೆಲ್ಲ ಹೂಳು ತುಂಬುತ್ತದೆ. ಸಂದಿಯೇ ಮನೆಯಾಗಿದ್ದ ಹುಳಗಳು ಇಲ್ಲವಾಗುತ್ತವೆ. ಅವುಗಳ ಜಾಗಕ್ಕೆ ನಿಂತ ನೀರನ್ನು ಇಷ್ಟಪಡುವ ಬಸವನಹುಳ, ಸೊಳ್ಳೆಮರಿ, ಕೆಸರಿನ ಹುಳಗಳು ಬರುತ್ತವೆ. ಜೀವ ಇರುವುದೇ ಇಲ್ಲ ಎಂದಲ್ಲ. ಕೆರೆಯಲ್ಲಿ ಇರಬೇಕಾದ ಜೀವಗಳು ಹೊಳೆಗೆ ಬಂದು ಕೂರುತ್ತವೆ. ಯಾರೋ ತಂದು ಬಿಟ್ಟ ತಿಲಾಪಿಯದಂಥ ಹೊರಗಿನ ಮೀನಿಗೆ ಇಂಥ ನೀರು ಹೇಳಿ ಮಾಡಿಸಿದ್ದು.

ಬಿಸಿಯ ವಿಷಯ ಇನ್ನೊಂದು. ಅಗಲವಾಗಿ ನಿಂತ ನೀರಿಗೆ ಬಿಸಿಲು ಜಾಸ್ತಿ ತಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಯಲ್ಲಿ ಮೀನಿನ ಮೈಗೆ ಬೇಕಾದ ಉಸಿರು ಮಾತ್ರ ಹೆಚ್ಚಾಗುತ್ತದೆ. ಸಿಗುವುದು ಕಡಿಮೆ, ಬೇಕಾಗಿದ್ದು ಜಾಸ್ತಿ. ಅದಕ್ಕೆ ತಳದಲ್ಲಿ ಕೊಳೆಯುವ ಎಲೆ, ಕಸವೂ ಸೇರಿದರೆ ಏಪ್ರಿಲ್‌ನ ಒಂದು ಬೆಳಗಿನ ಜಾವ ಮೀನು ಬಾಯಿ ತೆರೆದುಕೊಂಡು ಮೇಲೆ ಬಂದು ನಿಲ್ಲುತ್ತದೆ.

ಓಡುವ ನೀರಿಗೆ ಮೈಯನ್ನೇ ಒಗ್ಗಿಸಿಕೊಂಡ ಜೀವಗಳು ನಮ್ಮ ಘಟ್ಟದಲ್ಲಿ ಬೇಕಾದಷ್ಟಿವೆ. ಗಾರಾ ಎಂಬ ಗುಂಪಿನ ಮೀನುಗಳ ಬಾಯಿಯ ಕೆಳಗೆ ಬಿಲ್ಲೆಯಂಥ ಭಾಗ ಇರುತ್ತದೆ. ಅದನ್ನು ಒತ್ತಿಕೊಂಡು ಎಷ್ಟೇ ಸೆಳೆತವಿದ್ದರೂ ಬಂಡೆಗೆ ಅಂಟಿ ನಿಲ್ಲುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಕಪ್ಪೆಯಿದೆ, ಕೊಟ್ಟಿಗೆಹಾರ ಕುಣಿಯುವ ಕಪ್ಪೆ. ಝರಿಯ ಸದ್ದಿನಲ್ಲಿ ಕೂಗು ಮಾತ್ರ ನಂಬಿದರೆ ಹೆಣ್ಣಿಗೆ ಕೇಳಿಸದೇ ಹೋಗಬಹುದು. ಅದಕ್ಕೆ ಗಂಡು ಕಪ್ಪೆ ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸಿ ಕರೆಯುತ್ತದೆ. ಸದ್ದು ಮಾಡುವ ಝರಿ, ಅರ್ಧ ಮುಳುಗಿದ ಬಂಡೆ, ಮೇಲೆ ನೆರಳು. ಇಷ್ಟು ಇದ್ದರೆ ಮಾತ್ರ ಅದರ ಸಂಸಾರ. ಆ ಬಂಡೆ ಪೂರ್ತಿ ಮುಳುಗಿದರೂ ಕಷ್ಟ, ಪೂರ್ತಿ ಒಣಗಿದರೂ ಕಷ್ಟ.

ಪೈಪಿನಲ್ಲಿ ಹೋಗುವ ಹೊಳೆ

ಕಿರು ಜಲವಿದ್ಯುತ್ ಘಟಕಗಳು ಬೇರೆಯದೇ ಬಗೆ. ಇವುಗಳಲ್ಲಿ ನೀರನ್ನು ಹಿಡಿದಿಡುವುದಕ್ಕಿಂತ ತಿರುಗಿಸುವುದು ಮುಖ್ಯ. ಘಟ್ಟದ ಹಳ್ಳಕ್ಕೆ ಅಡ್ಡ ಒಂದು ಗಿಡ್ಡ ಗೋಡೆ. ಅಲ್ಲಿಂದ ನೀರು ಕಾಲುವೆಗೋ ಪೈಪಿಗೋ ಹೋಗುತ್ತದೆ. ಗುಡ್ಡದ ಮೈಯಲ್ಲೇ ಸಾಗಿ, ಕೊನೆಗೆ ಕಡಿದಾಗಿ ಇಳಿದು, ಪವರ್ ಹೌಸಿನ ಟರ್ಬೈನು ತಿರುಗಿಸಿ ಕೆಳಗೆ ಮತ್ತೆ ಹೊಳೆಗೆ ಸೇರುತ್ತದೆ. ನೀರನ್ನು ಖರ್ಚು ಮಾಡುವುದಿಲ್ಲ, ವಾಪಸ್ ಬಿಡುತ್ತೇವೆ ಎನ್ನುವುದು ಇದರ ಪರವಾಗಿ ಹೇಳುವ ಮಾತು. ಮಾತು ಸುಳ್ಳಲ್ಲ. ಆದರೆ ಗೋಡೆಗೂ ಪವರ್ ಹೌಸಿಗೂ ನಡುವೆ ಹೊಳೆಯ ಒಂದು ದೊಡ್ಡ ತುಂಡು ಉಳಿಯುತ್ತದಲ್ವಾ? ಅಲ್ಲಿ ಕಲ್ಲಿದೆ, ಮಡುವಿದೆ, ದಡದ ಮರವಿದೆ. ನೀರು ಮಾತ್ರ ಪೈಪಿನಲ್ಲಿದೆ.

ಪರಿಸರ ವಿಜ್ಞಾನಿ ಸುಮನ್ ಜುಮಾನಿ ಮತ್ತು ಜೊತೆಗಾರರು ನೇತ್ರಾವತಿಯ ಮೇಲ್ಭಾಗದ ಉಪಹೊಳೆಗಳಲ್ಲಿ ಇದನ್ನೇ ಅಳೆದು ನೋಡಿದರು. ಕಿರು ವಿದ್ಯುತ್ ಘಟಕ ಇರುವ ಹೊಳೆಗಳನ್ನು ಇಲ್ಲದ ಹೊಳೆಯ ಜೊತೆ ಇಟ್ಟು ಹೋಲಿಸಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ನೀರು ಕಳೆದುಕೊಂಡ ಭಾಗದಲ್ಲಿ ಬಿಸಿ ಏರಿತ್ತು, ಆಮ್ಲಜನಕ ಇಳಿದಿತ್ತು, ಮೀನುಗಳ ಮೇಳವೇ ಬದಲಾಗಿತ್ತು. ಘಟ್ಟಕ್ಕೇ ಸೀಮಿತವಾದ, ಓಡುವ ನೀರು ಬೇಡುವ ಮೀನುಗಳ ಪಾಲು ಕಡಿಮೆಯಾಗಿ, ಎಲ್ಲಿ ಬಿಟ್ಟರೂ ಬದುಕುವ ಮೀನುಗಳ ಪಾಲು ಹೆಚ್ಚಾಗಿತ್ತು. ಇದೇ ತಂಡದವರು ಅದಕ್ಕೆ ಒಂದು ವರ್ಷ ಮೊದಲು ಇಂಥ ಯೋಜನೆಗಳ ಸುತ್ತಲಿನ ಊರುಗಳಲ್ಲಿ ಜನರನ್ನೂ ಮಾತಾಡಿಸಿದ್ದರು. ಕಾಡಿನ ನಡುವೆ ರಸ್ತೆ, ಕಾಲುವೆ, ಪೈಪು ಬಂದ ಮೇಲೆ ಆನೆ ಕಾಟ ಜಾಸ್ತಿಯಾಯಿತು ಎಂಬ ಮಾತು ಅಲ್ಲಿ ಕೇಳಿಬಂತು. ಹೊಳೆಗೆ ಕೈ ಹಾಕಿದರೆ ಗುಡ್ಡದ ಮೇಲಿನ ಆನೆಯ ದಾರಿಗೂ ಅದು ತಾಗುತ್ತದೆ.

ಟರ್ಬೈನು ಹಾಕಿದಾಗ ಒಂದು ನೀರು, ನಿಲ್ಲಿಸಿದಾಗ ಇನ್ನೊಂದು ನೀರು. ಪವರ್ ಹೌಸಿನ ಕೆಳಗೆ ಗಂಟೆಗೊಂದು ರೀತಿ ಮಟ್ಟ ಏರಿಳಿಯುವುದೂ ಉಂಟು. ದಡದ ಸಮೀಪದ ಆಳವಿಲ್ಲದ ನೀರಿನಲ್ಲಿ ಮೊಟ್ಟೆ ಇಟ್ಟ ಮೀನಿಗೆ, ಕಪ್ಪೆಗೆ ಇದು ಮಾರಕ. ಬೆಳಿಗ್ಗೆ ನೀರಿದ್ದ ಜಾಗ ಮಧ್ಯಾಹ್ನ ಬಂಡೆ. ಅಲ್ಲಿ ಬಟ್ಟೆ ಒಗೆಯುವವರಿಗೂ ಸ್ನಾನಕ್ಕೆ ಇಳಿದವರಿಗೂ ಅಪಾಯ.

ಇಷ್ಟೆಲ್ಲ ಆದ ಮೇಲೆ ಸಿಗುವ ಕರೆಂಟ್ ಎಷ್ಟು? ಕಿರು ಜಲವಿದ್ಯುತ್ತಿನಲ್ಲಿ ಕರ್ನಾಟಕ ದೇಶದಲ್ಲೇ ಮುಂದಿರುವ ರಾಜ್ಯ. ರಾಜ್ಯದ ಎಲ್ಲ ಘಟಕಗಳನ್ನು ಕೂಡಿಸಿದರೆ 1,200 ಮೆಗಾವ್ಯಾಟ್ ಚಿಲ್ಲರೆ ಸಾಮರ್ಥ್ಯ. ಪಾವಗಡದ ಸೋಲಾರ್ ಪಾರ್ಕ್ ಒಂದರದ್ದೇ 2,050 ಮೆಗಾವ್ಯಾಟ್. ಸೋಲಾರ್ ರಾತ್ರಿ ಕೆಲಸ ಮಾಡುವುದಿಲ್ಲ ನಿಜ. ಆದರೆ ಘಟ್ಟದ ಹಳ್ಳದ ಘಟಕಗಳೂ ಮುಖ್ಯವಾಗಿ ಓಡುವುದು ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ಕೆಲವು ತಿಂಗಳು. ಏಪ್ರಿಲ್, ಮೇಯಲ್ಲಿ ಎಲ್ಲರಿಗೂ ಕರೆಂಟ್ ಬೇಕಾದಾಗ ಹಳ್ಳದಲ್ಲಿ ನೀರೇ ಇರುವುದಿಲ್ಲ. ಇನ್ನೂ ಒಂದು ಮಾತಿದೆ. ಚೀನಾದ ನು ನದಿಯ ಮೇಲೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೊಡ್ಡ ಮತ್ತು ಚಿಕ್ಕ ಜಲವಿದ್ಯುತ್ ಯೋಜನೆಗಳನ್ನು ಮೆಗಾವ್ಯಾಟ್ ಲೆಕ್ಕದಲ್ಲಿ ಹೋಲಿಸಿತ್ತು. ಒಂದು ಮೆಗಾವ್ಯಾಟಿಗೆ ಇಷ್ಟು ಹಾನಿ ಎಂದು ಲೆಕ್ಕ ಹಾಕಿದಾಗ, ಹಲವು ಅಳತೆಗಳಲ್ಲಿ ಚಿಕ್ಕ ಯೋಜನೆಗಳದ್ದೇ ಹೆಚ್ಚು ಬಂತು. ಬತ್ತಿದ ಹೊಳೆಯ ಉದ್ದವೂ ಅದರಲ್ಲಿ ಒಂದು. ದೊಡ್ಡ ಅಣೆಕಟ್ಟು ಒಳ್ಳೆಯದು ಎಂದು ಇದರ ಅರ್ಥ ಅಲ್ಲ. ಹತ್ತು ಚಿಕ್ಕದು ಸೇರಿದರೆ ಚಿಕ್ಕದಾಗಿ ಉಳಿಯುವುದಿಲ್ಲ ಎಂದಷ್ಟೇ.

ಕಾನೂನು ಈ ಕೂಡಿಕೆಯನ್ನು ನೋಡುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಜಲವಿದ್ಯುತ್ತಿಗೆ ಹಾಕಿದ ಗೆರೆ 25 ಮೆಗಾವ್ಯಾಟ್. ಅದಕ್ಕಿಂತ ಕಡಿಮೆಯಾದರೆ ಪರಿಸರ ಅನುಮತಿ ಬೇಡ, ಜನರ ಅಹವಾಲು ಸಭೆಯೂ ಬೇಡ. ಒಂದೇ ಹೊಳೆಯಲ್ಲಿ ಇಂಥ ಐದು ಘಟಕ ಬಂದರೂ ಪ್ರತಿಯೊಂದೂ ಚಿಕ್ಕದೇ. ಒಂದೇ ಯೋಜನೆಯನ್ನು ಎರಡಾಗಿ ತೋರಿಸಿ ಗೆರೆಯ ಕೆಳಗೆ ಉಳಿದರು ಎಂಬ ದೂರೂ ನಮ್ಮ ಕಡೆ ಕೇಳಿಬಂದಿದೆ. 2011ರಲ್ಲಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಸಮಿತಿ ಇದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿತ್ತು. ಅತಿ ಸೂಕ್ಷ್ಮ ಜಾಗಗಳಲ್ಲಿ ಗೋಡೆ ಮೂರು ಮೀಟರ್ ಮೀರಬಾರದು, ಆ ಕರೆಂಟ್ ಅಲ್ಲಿನ ಜನರ ಅಗತ್ಯಕ್ಕೇ ಆಗಬೇಕು, ಗ್ರಾಮಸಭೆ ಒಪ್ಪಬೇಕು ಎಂದಿತ್ತು. ಮೆಗಾವ್ಯಾಟ್ ಗೆರೆಗಿಂತ ಇದು ನ್ಯಾಯವಾದ ಅಳತೆ ಎಂದು ನನಗೆ ಅನಿಸುತ್ತದೆ. ಕರೆಂಟ್ ಯಾರಿಗೆ, ಒಪ್ಪಿಗೆ ಯಾರದು ಎಂದು ಕೇಳುತ್ತದೆ.

ಕೆಳಗಿನಿಂದ ಬರುವವರು

ಹೊಳೆ ಮೇಲಿನಿಂದ ಕೆಳಗೆ ಹರಿಯುತ್ತದೆ. ಅದರ ಜೀವಗಳು ಎರಡೂ ಕಡೆ ಓಡಾಡುತ್ತವೆ. ನಮ್ಮ ಹೊಳೆಗಳಲ್ಲಿ ಬಂಡೆ ಸಂದಿಯಲ್ಲಿ ಅಡಗಿರುವ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ. ಮರಿಯಾಗಿ ತೇಲುತ್ತಾ ಅಳಿವೆಗೆ ಬಂದು, ಅಲ್ಲಿಂದ ಹೊಳೆ ಹತ್ತಿ, ಎಷ್ಟೋ ವರ್ಷ ಸಿಹಿನೀರಿನಲ್ಲಿ ಬೆಳೆಯುತ್ತದೆ. ಕೊನೆಗೆ ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಒಮ್ಮೆ ಇಳಿದರೆ ವಾಪಸ್ ಇಲ್ಲ. ಹೊಳೆಯ ಸಿಗಡಿಗಳಲ್ಲಿ ಹಲವು ಇದಕ್ಕೆ ಹತ್ತಿರದ ದಾರಿ ಹಿಡಿಯುತ್ತವೆ. ತುಳುವಿನಲ್ಲಿ ಎಟ್ಟಿ, ಕುಂದಾಪುರದ ಕಡೆ ಚಟ್ಲಿ ಎನ್ನುತ್ತಾರಲ್ಲ, ಅವುಗಳಲ್ಲಿ ಸಿಹಿನೀರಿನಲ್ಲಿ ಬದುಕುವ ದೊಡ್ಡ ಜಾತಿ ಮರಿ ಬಿಡಲು ಉಪ್ಪು ಬೆರೆತ ನೀರಿಗೆ ಇಳಿಯಲೇಬೇಕು. ಮರಿಗಳು ಕೆಲವು ವಾರ ಅಲ್ಲಿ ಬೆಳೆದು ಆಮೇಲೆ ಮೇಲೆ ಹತ್ತುತ್ತವೆ.

ಇವಕ್ಕೆ ಹೊಳೆಯ ಬಾಯಲ್ಲಿ ನಿಂತ ಗೋಡೆಯೇ ಮೊದಲ ಪರೀಕ್ಷೆ. ಉಪ್ಪುನೀರು ಮೇಲೆ ಬಂದು ಗದ್ದೆ, ಬಾವಿ ಹಾಳಾಗಬಾರದು ಎಂದು ಅಳಿವೆಯ ಸಮೀಪ ಕಟ್ಟಿದ ಕಿಂಡಿ ಅಣೆಕಟ್ಟುಗಳು ನಮ್ಮಲ್ಲಿವೆ. ಅವುಗಳ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಬಾವಿ ಉಪ್ಪಾದ ಮನೆಯವರ ಪಾಡು ನೋಡಿದ್ದೇನೆ. ಆದರೆ ಸಿಹಿಯೂ ಉಪ್ಪೂ ದಿನಕ್ಕೆರಡು ಸಲ ಬೆರೆಯುವ ಜಾಗದಲ್ಲೇ ಮರುವಾಯಿ ಎಂಬ ಚಿಪ್ಪುಮೀನು ಬೆಳೆಯುವುದು, ಸಿಗಡಿಯ ಮರಿ ಆಡುವುದು. ಅಲ್ಲಿ ಒಂದು ಗೆರೆ ಎಳೆದು ಈಚೆ ಸಿಹಿ, ಆಚೆ ಉಪ್ಪು ಎಂದರೆ ಆ ನಡುವಿನ ಜಾಗವೇ ಕುಗ್ಗುತ್ತದೆ. ಮರುವಾಯಿ ಹೆಕ್ಕಿ ಬದುಕುವವರಿಗೆ ಇದರ ನಷ್ಟ ಮೊದಲು ತಟ್ಟುತ್ತದೆ.

ಮೇಲ್ಭಾಗದಲ್ಲಿ ದೇವರ ಮೀನಿನ ಕತೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆ ಶಿಶಿಲೇಶ್ವರ ದೇವಸ್ಥಾನದ ಎದುರು ಹರಿಯುತ್ತದೆ. ಅಲ್ಲಿನ ಮಹಶೀರ್ ಮೀನುಗಳಿಗೆ ಯಾರೂ ಬಲೆ ಹಾಕುವುದಿಲ್ಲ. ಅಕ್ಕಿ, ಹೊದಲು ಹಾಕಿ ಕೈ ಮುಗಿಯುತ್ತಾರೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ನಮ್ಮ ಜಿಲ್ಲೆಯಲ್ಲಿದೆ ಎಂದು ನೆನೆದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಶೃಂಗೇರಿಯ ತುಂಗಾ ದಡದಲ್ಲೂ ಹೀಗೇ ಕಾಪಾಡಿಕೊಂಡು ಬಂದಿದ್ದಾರೆ.

ಆದರೆ ದೇವಸ್ಥಾನದ ಮಡು ಆ ಮೀನಿನ ಬೇಸಿಗೆಯ ಮನೆ. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆ ಇಡಲು ಹೊಳೆಯ ಮೇಲ್ಭಾಗಕ್ಕೆ ಹತ್ತುತ್ತದೆ. ಅದಕ್ಕೆ ಬೇಕಾದದ್ದು ಹೂಳಿಲ್ಲದ ಜಲ್ಲಿಕಲ್ಲಿನ ಹಾಸು ಮತ್ತು ಅದರ ಮೇಲೆ ಓಡುವ ತಣ್ಣನೆ ನೀರು. ಮೊಟ್ಟೆ ಜಲ್ಲಿಯ ಸಂದಿಗೆ ಇಳಿದು ಅಲ್ಲೇ ಉಳಿಯುತ್ತದೆ, ನೀರಿನ ಓಟ ಅದಕ್ಕೆ ಉಸಿರು ಕೊಡುತ್ತದೆ. ಮಡುವನ್ನು ಎಷ್ಟೇ ಭಕ್ತಿಯಿಂದ ಕಾಪಾಡಿದರೂ ಮೇಲಕ್ಕೆ ಹೋಗುವ ದಾರಿ ಮುಚ್ಚಿದರೆ ಅಲ್ಲಿ ಹಳೆಯ ಮೀನುಗಳು ಮುದಿಯಾಗುತ್ತಾ ಹೋಗುತ್ತವೆ, ಮರಿ ಬರುವುದಿಲ್ಲ.

ಕಟ್ಟದ ಕ್ಯಾಲೆಂಡರ್

ಹಾಗಾದರೆ ಹೊಳೆಗೆ ಅಡ್ಡ ಏನನ್ನೂ ಕಟ್ಟಬಾರದೇ? ನಮ್ಮ ಹಿರಿಯರು ಕಟ್ಟಿದ್ದರು, ಪ್ರತಿ ವರ್ಷ ಕಟ್ಟಿದ್ದರು. ಅದನ್ನು ಕಟ್ಟ ಎಂದೇ ಕರೆಯುವುದು. ಕಾಸರಗೋಡಿನ ಏತಡ್ಕದಂಥ ಊರುಗಳು ಒಂದೇ ತೋಡಿನ ಸಾಲು ಸಾಲು ಕಟ್ಟಗಳಿಗೆ ಹೆಸರಾಗಿವೆ.

ಮಳೆ ಮುಗಿದು ತೋಡಿನ ನೀರು ತಗ್ಗಿದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ, ಮನೆಗೊಬ್ಬರಂತೆ ಸೇರುತ್ತಿದ್ದರು. ಕಾಡುಕಲ್ಲು, ಅಡಿಕೆ ಮರದ ಸಲಕೆ, ಸೊಪ್ಪು, ಜೇಡಿಮಣ್ಣು. ಮಣ್ಣನ್ನು ಕಾಲಲ್ಲಿ ತುಳಿದು ಹದ ಮಾಡಿ ಸಂದಿ ಮುಚ್ಚುತ್ತಿದ್ದರು. ನಿಂತ ನೀರು ಕಣಿಯಲ್ಲಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಉಳಿದದ್ದು ನೆಲಕ್ಕಿಳಿದು ಬಾವಿಗಳನ್ನು ತುಂಬುತ್ತಿತ್ತು. ಮಣ್ಣಿನ ಕಟ್ಟದಲ್ಲಿ ನೀರು ಸೋರದೇ ಇರುವುದಿಲ್ಲ. ಆ ಸೋರಿದ ನೀರೇ ಕೆಳಗಿನ ಕಟ್ಟದ ಪಾಲು. ಜೂನ್ ಬಂದಾಗ ಯಾರಾದರೂ ಒಂದು ಮೂಲೆ ಕಡಿದುಬಿಡುತ್ತಿದ್ದರು, ಉಳಿದದ್ದನ್ನು ಹೊಳೆ ತಾನೇ ತೆಗೆದುಕೊಂಡು ಹೋಗುತ್ತಿತ್ತು. ಆರು ತಿಂಗಳು ಕೂತ ಹೂಳು ಒಂದು ರಾತ್ರಿಯಲ್ಲಿ ಖಾಲಿ. ಮೀನು ಹತ್ತುವ ದಿನಕ್ಕೆ ಸರಿಯಾಗಿ ದಾರಿ ತೆರೆದಿರುತ್ತಿತ್ತು.

ಹಿರಿಯರು ಮೀನಿಗಾಗಿ ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಮಳೆಗಾಲದ ಹೊಳೆಯನ್ನು ತಡೆಯುವ ಶಕ್ತಿ ಮಣ್ಣಿನ ಕಟ್ಟಕ್ಕೆ ಇರಲಿಲ್ಲ, ಅಷ್ಟೇ. ಕೆಲಸವೂ ಸುಲಭದ್ದಲ್ಲ. ಡಿಸೆಂಬರಿನ ಚಳಿ ನೀರಲ್ಲಿ ದಿನಗಟ್ಟಲೆ ನಿಲ್ಲಬೇಕಿತ್ತು. ಯಾರ ಮನೆಯಿಂದ ಆಳು ಬಂದಿಲ್ಲ ಎಂಬ ಜಗಳ ಬೇರೆ. ಪಂಪ್‌ಸೆಟ್, ಬೋರ್‌ವೆಲ್ ಬಂದ ಮೇಲೆ ಕಟ್ಟ ಬಿಟ್ಟವರನ್ನು ದೂರುವಂತಿಲ್ಲ. ಆದರೆ ಆ ಪದ್ಧತಿಯ ಕ್ಯಾಲೆಂಡರ್ ಮತ್ತು ಹೊಳೆಯ ಕ್ಯಾಲೆಂಡರ್ ಒಂದೇ ಆಗಿತ್ತು ಎನ್ನುವುದನ್ನು ನಾವು ಮರೆಯಬಾರದು.

ಕಿಂಡಿ ಅಣೆಕಟ್ಟಿನ ವಿನ್ಯಾಸ ಬಂದದ್ದೂ ಇದೇ ಯೋಚನೆಯಿಂದ. ಮಳೆಗಾಲ ಮುಗಿದ ಮೇಲೆ ಕಿಂಡಿಗೆ ಹಲಗೆ ಹಾಕುವುದು, ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬುವುದು, ಮೇ ಕೊನೆಗೆ ತೆಗೆಯುವುದು. ಕಾಗದದ ಮೇಲೆ ಅದು ಕಾಂಕ್ರೀಟಿನ ಕಟ್ಟ. ತಪ್ಪುವುದು ಬೇರೆ ಕಡೆ. ಕೆಲವು ಕಡೆ ತಳಪಾಯವನ್ನೇ ಹೊಳೆಯ ಪಾತ್ರಕ್ಕಿಂತ ಎತ್ತರಕ್ಕೆ ಕಟ್ಟುತ್ತಾರೆ. ಹಲಗೆ ತೆಗೆದರೂ ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ. ಸರಿಯಾದ ಮಟ್ಟಕ್ಕೆ ಕಟ್ಟಿದಲ್ಲೂ ಕೆಳಗಿನ ಕಾಂಕ್ರೀಟ್ ಹಾಸಿನ ಅಂಚನ್ನು ನೆರೆ ಕೊರೆಯುತ್ತದೆ. ಮರಳು, ಜಲ್ಲಿಯೆಲ್ಲ ಗೋಡೆಯ ಹಿಂದೆ ಸಿಕ್ಕಿಕೊಂಡರೆ ಬರಿಗೈಯಲ್ಲಿ ಇಳಿದ ನೀರು ಕೆಳಗಿನ ತಳವನ್ನೇ ಕಿತ್ತು ತಿನ್ನುತ್ತದೆ. ನಾನು ನೋಡಿದ ಮೊಣಕಾಲೆತ್ತರದ ಮೆಟ್ಟಿಲು ಹಾಗೆ ಹುಟ್ಟಿದ್ದು. ಹಾಸಿನ ಮೇಲೆ ನೀರು ಅಗಲವಾಗಿ, ಎರಡು ಬೆರಳು ಆಳಕ್ಕೆ, ಭಾರೀ ವೇಗದಲ್ಲಿ ಹರಿಯುತ್ತದೆ. ಮೆಟ್ಟಿಲು ಹಾರಿದ ಮೀನಿಗೂ ಅದರಲ್ಲಿ ಈಜಲಾಗದು.

ಹಲಗೆ ತೆಗೆಯುವ ದಿನದ್ದು ಇನ್ನೊಂದು ಗೋಳು. ಈಗೀಗ ಮೇಯಲ್ಲೇ ಜೋರು ಮಳೆ ಬಂದುಬಿಡುತ್ತದೆ. ಟೆಂಡರ್ ಆಗಿಲ್ಲ, ಕೆಲಸದವರು ಸಿಕ್ಕಿಲ್ಲ, ಗೇಟ್ ತುಕ್ಕು ಹಿಡಿದಿದೆ. ಹಲಗೆ ಇರುವಾಗಲೇ ನೆರೆ ಬಂದರೆ ಮರದ ದಿಮ್ಮಿ, ಕಸ ಕಿಂಡಿಗೆ ಸಿಕ್ಕಿಕೊಂಡು ನೀರು ಪಕ್ಕದ ತೋಟ ಕೊರೆದುಕೊಂಡು ಹೋಗುತ್ತದೆ. ಅಂದರೆ ತಡ ಮಾಡಿದರೆ ಮೀನಿಗೂ ನಷ್ಟ, ಕೃಷಿಕನಿಗೂ ನಷ್ಟ. ಮೇಲೆ ಹುಟ್ಟಿದ ಮರಿಗಳು ದೊಡ್ಡ ಹೊಳೆಗೆ ಇಳಿಯುವುದು ಮಳೆ ತಗ್ಗುವ ಹೊತ್ತಿನಲ್ಲಿ. ನೀರು ಕಡಿಮೆಯಾದೀತು ಎಂಬ ಹೆದರಿಕೆಯಿಂದ ಬೇಗ ಹಲಗೆ ಹಾಕಿದರೆ ಅವು ಮೇಲೆಯೇ ಸಿಕ್ಕಿಬೀಳುತ್ತವೆ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎರಡೂ ದಡದಲ್ಲಿ ಪಂಪ್ ಇಟ್ಟು ತೋಡನ್ನು ಮಾರ್ಚಿಗೇ ಬತ್ತಿಸುವ ಊರಿನಲ್ಲಿ, ಕಿಂಡಿ ಅಣೆಕಟ್ಟಿನ ಹಿಂದೆ ಉಳಿದ ನೀರೇ ಮೀನುಗಳ ಕೊನೆಯ ಆಸರೆ ಆಗಿರುವುದೂ ಉಂಟು. ಅದರ ಹಿಂದೆ ನೀರಿದೆ, ಕೆಳಗೆ ಒಣ ಮರಳು. ಕೆಳಗೂ ಒಂದು ಸಣ್ಣ ಹರಿವು ಬಿಟ್ಟರೆ ಮುಂದಿನ ಮಡುಗಳೂ ಬದುಕುತ್ತವೆ. ಬೇಸಿಗೆಯ ಸರಾಸರಿ ಹರಿವಿನ ಕನಿಷ್ಠ ಶೇ 15ರಷ್ಟನ್ನಾದರೂ ನದಿಗಳಲ್ಲಿ ಉಳಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಹೇಳಿತ್ತು. ಇದು ಕನಿಷ್ಠ ಮಾತ್ರ. ಜೂನಿನಲ್ಲಿ ಮೀನನ್ನು ಕರೆಯುವುದು ಏರುವ ನೀರು, ವರ್ಷವಿಡೀ ಒಂದೇ ಸಮ ಬಿಟ್ಟ ಸಣ್ಣ ಧಾರೆ ಆ ಕೆಲಸ ಮಾಡಲಾರದು.

ಏನು ಮಾಡಬಹುದು

ಎಲ್ಲ ಗೋಡೆಗಳನ್ನೂ ಕೆಡವಬೇಕು ಎಂದು ನಾನು ಹೇಳುತ್ತಿಲ್ಲ. ಕುಡಿಯುವ ನೀರಿಗೆ, ಬಾವಿಗೆ, ತೋಟಕ್ಕೆ ನಮಗೂ ನೀರು ಬೇಕು. ಕೆಲಸಕ್ಕೆ ಬಾರದೆ ಬಿರುಕು ಬಿಟ್ಟು ನಿಂತವನ್ನು ಮಾತ್ರ ಕೆಡವಲೇಬೇಕು. ಅಮೆರಿಕದ ಮೇಯ್ನ್ ರಾಜ್ಯದ ಕೆನೆಬೆಕ್ ನದಿಯಲ್ಲಿ 1999ರಲ್ಲಿ ಎಡ್ವರ್ಡ್ಸ್ ಎಂಬ ಹಳೆಯ ಅಣೆಕಟ್ಟನ್ನು ಒಡೆದರು. ನೂರೈವತ್ತಕ್ಕೂ ಹೆಚ್ಚು ವರ್ಷ ಮೇಲೆ ಬರಲಾಗದಿದ್ದ ಸಮುದ್ರದ ಮೀನುಗಳು ಮತ್ತೆ ಹೊಳೆ ಹತ್ತಿದವು.

ನಮ್ಮಲ್ಲಿ ಮೊದಲು ಆಗಬೇಕಾದದ್ದು ಎಣಿಕೆ. ಒಂದು ಹೊಳೆಯಲ್ಲಿ, ಅದರ ಎಲ್ಲ ತೋಡುಗಳಲ್ಲಿ ಎಷ್ಟು ಗೋಡೆಗಳಿವೆ, ಯಾವುದಕ್ಕೆ ಮೆಟ್ಟಿಲು ಎದ್ದಿದೆ, ಯಾವುದರ ಹಲಗೆ ಯಾವತ್ತು ತೆಗೆಯುತ್ತಾರೆ. ಇದನ್ನು ಪಂಚಾಯಿತಿ ಮಟ್ಟದಲ್ಲಿ ಕಾಲೇಜು ಮಕ್ಕಳೂ ಮಾಡಬಹುದು. ಹೊಸದಕ್ಕೆ ಅನುಮತಿ ಕೊಡುವಾಗ ಇಡೀ ಹೊಳೆಯನ್ನು ಮುಂದಿಟ್ಟುಕೊಂಡು ನೋಡಬೇಕು. ಪ್ರತಿ ನದಿಗೂ ಒಂದೆರಡು ಉಪಹೊಳೆಗಳನ್ನು ಯಾವ ಅಡ್ಡಿಯೂ ಇಲ್ಲದೆ ಸಮುದ್ರದ ಕಡೆಯವರೆಗೆ ಬಿಡಬೇಕು. ಮಹಶೀರ್ ಮೊಟ್ಟೆ ಇಡುವ ಹೊಳೆಗಳಿಗೆ ಈ ಮರ್ಯಾದೆ ಮೊದಲು ಸಲ್ಲಬೇಕು.

ಇರುವ ಕಿಂಡಿ ಅಣೆಕಟ್ಟಿಗೆ ಮಾಡುವ ರಿಪೇರಿ ದುಬಾರಿಯದ್ದಲ್ಲ. ಮೀನಿನ ಏಣಿ ಅಂದರೆ ನಮ್ಮ ಎಂಜಿನಿಯರುಗಳಿಗೆ ಕಾಂಕ್ರೀಟಿನ ತೊಟ್ಟಿಗಳ ಸಾಲು ನೆನಪಾಗುತ್ತದೆ. ಅದು ಎತ್ತರಕ್ಕೆ ಹಾರಬಲ್ಲ ಚಳಿ ದೇಶದ ಸಾಲ್ಮನ್ ಮೀನಿಗಾಗಿ ಹುಟ್ಟಿದ್ದು. ನಮ್ಮ ಬೆರಳುದ್ದದ ಮೀನಿಗೆ, ಬಂಡೆ ಹಿಡಿದು ತೆವಳುವ ಗಾರಾಕ್ಕೆ, ಒದ್ದೆ ಕಲ್ಲು ಹತ್ತುವ ಹಾವುಮೀನಿನ ಮರಿಗೆ ಬೇಕಾದದ್ದು ಒರಟಾದ ಇಳಿಜಾರು. ಮೆಟ್ಟಿಲಿನ ಕೆಳಗೆ ದೊಡ್ಡ ಕಾಡುಕಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಸಂದಿಯಲ್ಲಿ ನೀರು ತಂಗುವಂತೆ ಮಾಡಿದರೆ ಅದೇ ಏಣಿ. ಹತ್ತು ಅಡಿ ಮೇಲೆ ಹೋಗಲು ಎರಡು ಕಲ್ಲಿನ ನಡುವೆ ಸುಧಾರಿಸಿಕೊಳ್ಳುವ ಜಾಗ ಇದ್ದರೆ ಮೀನು ಹೋಗುತ್ತದೆ. ಒಂದು ಕಿಂಡಿಯ ತಳವನ್ನಾದರೂ ಹೊಳೆಯ ಪಾತ್ರದ ಮಟ್ಟಕ್ಕೆ ಇಳಿಸಿ, ಬೇಸಿಗೆಯಲ್ಲಿ ಆ ಕಿಂಡಿಯ ಕೆಳಗಿನ ಹಲಗೆಯಲ್ಲಿ ಒಂದು ತೂತು ಬಿಡುವುದು ಇನ್ನೂ ಸುಲಭ.

ನಮ್ಮೂರಿನ ಆ ಮೊಣಕಾಲೆತ್ತರದ ಮೆಟ್ಟಿಲನ್ನು ಈ ಫೆಬ್ರವರಿಯಲ್ಲಿ ಒಬ್ಬ ಮೇಸ್ತ್ರಿಯವರಿಗೆ ತೋರಿಸಿದೆವು. ಟೇಪು ಹಿಡಿದು ಅಳೆದರು. ನಾಲ್ಕು ಲೋಡು ಕಾಡುಕಲ್ಲು ಸಾಕು, ನೀರು ತಗ್ಗಿರುವಾಗಲೇ ಹಾಕಬೇಕು ಅಂದರು. ಕಲ್ಲಿಗೆ ಜಾಗ ನೋಡಿದ್ದೇವೆ. ಪಂಚಾಯಿತಿಗೆ ಬರೆದ ಅರ್ಜಿಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದ್ದೇವೆ: ಹಲಗೆಗಳನ್ನು ಮೇ 15ರ ಒಳಗೆ ತೆಗೆಯಬೇಕು.